ಎಡಗಡೆಯ ಹೂವು

ನಾಲ್ಕು ವರ್ಷದ ಹಿಂದಿನ ಮಾತು. ನಾನು ಪಿಯುಸಿ ಮುಗಿಸಿದ್ದೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಗುವಷ್ಟು ರ‍್ಯಾಂಕೂ ಬಂದಿತ್ತು. ಕಾಲೇಜು ಆರಿಸುವ ಆಪ್ಷನ್ ಎಂಟ್ರಿಗೆ ಮಾರನೇ ದಿನವೇ ಕೊನೆ. ನನಗೆ ಮಾತ್ರ ಭಾರತೀನಗರದಲ್ಲಿ ಬಿಎಸ್ಸಿ ಸೇರಿ ಫಿಸಿಕ್ಸ್ ಓದುವ ಹುಚ್ಚು.

ಅಪ್ಪ ಗೆಜ್ಜಲಗೆರೆಯ ಫ್ಯಾಕ್ಟರಿಯೊಂದರಲ್ಲಿ ಮಿಷನ್ ಮುಂದೆ ನಿಂತು ಕೆಲಸ ಮಾಡುವವರು. ನಿಂತೂ ನಿಂತೂ ಕಾಲಿನ ನರಗಳು ಊದಿಕೊಂಡಿವೆ. "ಎಂಜಿನಿಯರ್ ಬಂದ್ರೆ ಅವ್ರು ಕೂತ್ಕತಾರೆ, ನಾನು ನಿಂತಿರ್ತೀನಿ. ನನ್ ಮಗ್ಳು ಕೂತ್ಕಬೇಕು ಕಣವ್ವ" ಅಂದರು.

ಕೊನೆಗೆ ಮಾರಮ್ಮನ ಗುಡಿಯಲ್ಲಿ ಹೂ ಕೇಳೋಣ ಎಂದು ನಾನೇ ಹೇಳಿದೆ. ಕೊತ್ತತ್ತಿ ಹತ್ತಿರದ ನಮ್ಮೂರಿನಲ್ಲಿ ಸಂಬಂಧ ಕೂಡಿಸುವುದಕ್ಕೂ ಬೋರ್ ಹಾಕಿಸುವುದಕ್ಕೂ ಇದೇ ಪದ್ಧತಿ. ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಮೊದಲು ಉದುರಿದ ಹೂವೇ ದೇವರ ಮಾತು. ಬಲಗಡೆ ಎಂಜಿನಿಯರಿಂಗ್, ಎಡಗಡೆ ಫಿಸಿಕ್ಸ್ ಎಂದೆ. ಬಲಗಡೆ ಶುಭವಲ್ಲವೇ, ಅಪ್ಪ ಖುಷಿಯಾಗಿ ಒಪ್ಪಿದರು.

ನಾನು ಹೇಳದೆ ಮುಚ್ಚಿಟ್ಟ ಸಂಗತಿ ಒಂದಿತ್ತು. ಗುಡಿಯ ಹಿಂದೆಯೇ ಆಲೆಮನೆ. ಅಲ್ಲಿ ಕಬ್ಬು ಅರೆಯುವ ಎಂಜಿನ್ ಶುರುವಾದಾಗಲೆಲ್ಲ ಗುಡಿಯ ಗಂಟೆ ಯಾರೂ ಮುಟ್ಟದೆ ಗುಂಯ್ ಎನ್ನುತ್ತಿತ್ತು. ಮಾರಮ್ಮ ಬಂದಳು ಎಂದು ಊರವರು ಕೈ ಮುಗಿಯುತ್ತಿದ್ದರು. ಕಂಪನದ ಪಾಠ ಓದಿದ ಮೇಲೆ ನನಗೆ ಅದರ ಗುಟ್ಟು ಗೊತ್ತಾಗಿತ್ತು: ಎಂಜಿನ್ನಿನ ಅದುರು ನೆಲದೊಳಗಿಂದ ಗಂಟೆಗೂ ವಿಗ್ರಹಕ್ಕೂ ಹತ್ತುತ್ತಿತ್ತು. ಗಂಟೆ ಅದುರಿದರೆ ಬೀಳುವುದು ಎಡಗಡೆಯ ಹೂವೇ, ಏಕೆಂದರೆ ಆ ಭುಜ ಸವೆದು ನುಣುಪಾಗಿದೆ. ಮಧ್ಯಾಹ್ನ ನಿಲ್ಲಿಸಿದ ಎಂಜಿನ್ನನ್ನು ಆಲೆಮನೆಯವರು ಟೀ ಕುಡಿದು ನಾಲ್ಕು ಗಂಟೆಗೆ ಮತ್ತೆ ಹಾಕುತ್ತಿದ್ದರು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಅಪ್ಪನನ್ನು ಗುಡಿಗೆ ಕರೆದುಕೊಂಡು ಹೋದೆ. ಕಳ್ಳಿ ನಾನು, ಒಪ್ಪಿಕೊಳ್ಳುತ್ತೇನೆ.

ಪೂಜಾರಪ್ಪ ಹೂ ಇಟ್ಟು ಪಕ್ಕಕ್ಕೆ ಸರಿದರು. ನಾಲ್ಕಾಯಿತು, ನಾಲ್ಕೂ ಹತ್ತಾಯಿತು. ಎಂಜಿನ್ನಿನ ಸದ್ದೇ ಇಲ್ಲ. ಬಲಗಡೆಯ ಹೂ ಒಂಚೂರು ಕೆಳಗೆ ಜಾರಿತು. ನಾನು ಆಲೆಮನೆ ಕಡೆಗೇ ಕಿವಿಗೊಟ್ಟೆ. ಅಪ್ಪ ಕಣ್ಣು ಮುಚ್ಚಿಕೊಂಡು ಏನೋ ಬೇಡಿಕೊಳ್ಳುತ್ತಿದ್ದರು.

ಆಗ ಗಂಟೆ ಗುಂಯ್ ಎಂದಿತು.

ಎಂಜಿನ್ನಿನ ಡಗಡಗ ಇಲ್ಲ. ಗಾಳಿ ಇಲ್ಲ, ದೀಪದ ಕುಡಿ ನೆಟ್ಟಗೆ ನಿಂತಿತ್ತು. ಆ ಸದ್ದು ಮಾತ್ರ ಅಂಗಾಲಿನಿಂದ ಹಲ್ಲಿನವರೆಗೂ ಹತ್ತಿ ಬಂತು. ಎಡಗಡೆಯ ಹೂ ಉದುರಿ ಮಾರಮ್ಮನ ಪಾದದ ಮೇಲೆ ಬಿತ್ತು. ಗಂಟೆ ಅಲ್ಲಿಗೇ ಸುಮ್ಮನಾಯಿತು.

ಅಪ್ಪ ಹೂವನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟರು. "ತಾಯೇ ಹೇಳುದ್ಮೇಲೆ ನಂದೇನೈತೆ ಬುಡು. ಫಿಸಿಕ್ಸೇ ಓದು" ಅಂದರು.

ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ನೇರ ಆಲೆಮನೆಗೆ ಓಡಿದೆ. ಎಂಜಿನ್ನಿನ ಬೆಲ್ಟು ತುಂಡಾಗಿ ನೆಲದಲ್ಲಿ ಬಿದ್ದಿತ್ತು. "ಅನ್ನೆರಡ್ ಗಂಟೆಗೇ ಕಿತ್ತೋಯ್ತು ಕಣಮ್ಮ. ಆಗಿಂದ ಎಂಜಿನ್ ಹಾಕೇ ಇಲ್ಲ" ಎಂದ ಅಲ್ಲಿ ಬೆಲ್ಲ ಕಾಯಿಸುವವನು. ಎಂಜಿನ್ ಮೇಲೆ ಕೈ ಇಟ್ಟು ನೋಡಿದೆ. ತಣ್ಣಗಿತ್ತು.

ಈಗ ಎಂಎಸ್ಸಿ ಓದುತ್ತಿದ್ದೇನೆ. ಊರಿಗೆ ಹೋದಾಗಲೆಲ್ಲ ಕಂಪನ ತೋರಿಸುವ ಆ್ಯಪ್ ಹಾಕಿ ಮೊಬೈಲನ್ನು ಗುಡಿಯ ನೆಲದ ಮೇಲಿಡುತ್ತೇನೆ. ಎಂಜಿನ್ ಓಡಿದರೆ ಗೆರೆ ಕುಣಿಯುತ್ತದೆ, ನಿಂತರೆ ಮಲಗುತ್ತದೆ. ಅವತ್ತು ರಸ್ತೆಯಲ್ಲಿ ಲಾರಿ ಹೋಗಿರಬೇಕು, ನಾಲೆಗೆ ನೀರು ಬಿಟ್ಟಿರಬೇಕು ಎಂದು ಏನೇನೋ ಹುಡುಕಿದೆ. ಯಾವುದೂ ಹೊಂದಲಿಲ್ಲ.

ಅಪ್ಪ ಇವತ್ತಿಗೂ ನಿಂತೇ ಕೆಲಸ ಮಾಡುತ್ತಾರೆ. ನನ್ನ ಕಳ್ಳಾಟವನ್ನು ಅವರಿಗೆ ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಪ್ರತಿ ಸಲವೂ ಎಂಜಿನ್ ಇಲ್ಲದೆ ಅದುರಿದ ಆ ಗಂಟೆ ನೆನಪಾಗಿ ಬೇರೆ ಮಾತು ತೆಗೆಯುತ್ತೇನೆ. ನನ್ನ ಉಪಾಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಎಂಜಿನ್ ಕೈಕೊಟ್ಟಾಗ ಅದರ ಬದಲು ಗಂಟೆ ಅದುರಿಸಿದವಳಿಗೆ ಮಾತ್ರ ಆ ಉಪಾಯ ಗೊತ್ತಿತ್ತು.