ನೀರಿಗೆ ಬಿಟ್ಟ ಕೊರಮೀನು

ಬೆಳಗ್ಗೆಯಿಂದ ಕಾದು ನಾನು ಹಿಡಿದ ಕೊರಮೀನನ್ನು ತಿಪ್ಪೇಸ್ವಾಮಿ ಗಾಳದಿಂದ ಬಿಡಿಸಿ, ನಾನು ನೋಡನೋಡುತ್ತಿದ್ದಂತೆ ವಾಪಸ್ ನೀರಿಗೆ ಬಿಟ್ಟ. ಮೀನಿಗೆಂದು ಬಾಯಿ ತೆರೆದು ಹಿಡಿದಿದ್ದ ಚೀಲ ನನ್ನ ಕೈಯಲ್ಲೇ ಉಳಿಯಿತು.

ಹಿರಿಯೂರಿನ ಹತ್ತಿರ ಮಾರಿಕಣಿವೆ ಹಿನ್ನೀರಿನಲ್ಲಿ ನಾವಿಬ್ಬರೇ ತೆಪ್ಪದಲ್ಲಿದ್ದೆವು. ಕೋಳಿ ಪುಕ್ಕ ಸುತ್ತಿ ನೊಣದ ಹಾಗೆ ಮಾಡಿದ ಗಾಳ ಬೀಸುವುದನ್ನು ನನ್ನಂಥ ಹವ್ಯಾಸಿಗಳಿಗೆ ಕಲಿಸುವುದು ಅವನ ಕೆಲಸ. ಹಿಡಿದಿದ್ದನ್ನು ಬಿಡಬೇಕು ಎಂದು ಮೊದಲೇ ಹೇಳಿದ್ದ. ಫಾರಿನ್ನಿನವರ ಶೋಕಿ ಇವನಿಗೂ ಹತ್ತಿದೆ ಅಂದುಕೊಂಡಿದ್ದೆ. ಇಷ್ಟು ದೊಡ್ಡದು ಸಿಕ್ಕರೆ ಅವನೂ ಬಿಡಲಾರ ಎಂಬ ಧೈರ್ಯವಿತ್ತು.

ಸಿಟ್ಟು ಬಂತು. "ಏನಪ್ಪ, ಇಷ್ಟೊಂದು ಕರುಣೆ ಇರೋನು ಗಾಳ ಯಾಕೆ ಹಿಡ್ದೆ?" ಎಂದೆ.

ಅವನು ಕೈ ತೊಳೆಯುತ್ತಾ, ದನಿ ಏರಿಸದೆ ಹೇಳಿದ: "ಕರುಣೆ ಅಲ್ಲ ಸಾರ್. ನಮ್ ತಮ್ಮ ಬಲೆ ಬಿಡಾಕ್ ಬಂದು ಇದೇ ನೀರಾಗೆ ಮುಳುಗಿದ. ಹೆಣ ಸಿಗ್ಲೇ ಇಲ್ಲ. ಈ ಮೀನು ತಿನ್ನಾಕೆ ಒಯ್ತಾರೆ ಅಂದ್ರೆ ನಂಗೆ ತಡ್ಕಳಾಕೆ ಆಗಲ್ಲ."

ಗಾಳದ ಕೋಲನ್ನು ಮತ್ತೆ ನನ್ನ ಕೈಗೆ ಕೊಟ್ಟು, "ಬೀಸ್ರಿ, ಈಗ ಚೆನ್ನಾಗ್ ಬೀಳ್ತಾವೆ" ಎಂದ. ನಾನು ಕೋಲನ್ನು ತೆಪ್ಪದೊಳಗೆ ಮಲಗಿಸಿಟ್ಟೆ.

ಚಿಕ್ಕಜಾಜೂರಿನ ನಮ್ಮ ಸಂತೆಯಲ್ಲಿ ಮಾರಿಕಣಿವೆ ಮೀನು ಎಂದರೆ ನಾನು ಚೌಕಾಸಿ ಮಾಡುತ್ತಿರಲಿಲ್ಲ. ಅದಾದ ಮೇಲೆ, ಮೊನ್ನೆ ಸಂತೆಗೆ ಹೋದಾಗ ಮೀನು ಮಾರುವವಳು ಒಂದನ್ನು ಎತ್ತಿ ಹಿಡಿದು, "ಚೆನ್ನಾಗಿ ಮೇದು ಬೆಳೆದೈತೆ, ನೋಡ್ರಿ" ಎಂದಳು. ಖಾಲಿ ಚೀಲ ಮಡಚಿಕೊಂಡು ಮನೆಗೆ ಬಂದೆ.