ಸಾಲದ ಎಲೆರಿ

ಎಲೆರಿಯ ಮುತ್ತಾತ ದೀಪದ ಐವರ್. ಕಲ್ಲಿದ್ದಲು ಗಣಿಗೆ ಇಳಿಯುವವರ ಕೈಗೆ ದೀಪ ಕೊಟ್ಟು, ಹತ್ತಿ ಬಂದವರಿಂದ ಇಸಿದುಕೊಳ್ಳುವುದು ಅವನ ಕೆಲಸ. ಅಂಗಡಿಯಲ್ಲಿ ಬಾಕಿ ಬರೆಸುವುದೆಂದರೆ ಅವನಿಗೆ ಕುತ್ತಿಗೆಗೆ ಹಗ್ಗ ಹಾಕಿದಂತೆ. ಬೂಟಿನ ಅಡಿ ಕಿತ್ತುಹೋದಾಗ, ಹೊಸದಕ್ಕೆ ದುಡ್ಡು ಕೂಡುವ ತನಕ, ಒಂದು ಚಳಿಗಾಲ ಪೂರ್ತಿ ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ತೀರಿಹೋದ ಅಣ್ಣನದು ಹಾಕಿಕೊಂಡು ಓಡಾಡಿದ. ಅಣ್ಣನ ಪಾದ ದೊಡ್ಡದು. ಐವರ್ ಬರುವ ಟಪ್ಪು ಟೊಪ್ಪು ಸದ್ದು ಇಡೀ ಬೀದಿಗೆ ಗುರುತಾಗಿತ್ತು.

ಅವನ ಮಗ ರೊಕ್ಕದ ಎಮ್ಲಿನ್. ಕೈಯಲ್ಲಿ ರೊಕ್ಕವಿಲ್ಲದೆ ಸೂಜಿಯನ್ನೂ ಕೊಂಡವನಲ್ಲ. ಬೀದಿಯವರೆಲ್ಲ ಕಂತಿನ ಮೇಲೆ ಟೀವಿ ತಂದಾಗ ಇವನು ದುಡ್ಡು ಕೂಡಿಸುತ್ತ ಕೂತ; ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದನ್ನು ಅಂಗಡಿಯ ಗಾಜಿನಾಚೆ ಮಳೆಯಲ್ಲಿ ನಿಂತು ನೋಡಿದ. ಅವನ ಹೆಂಡತಿ ಸೌಟಿನ ಕೈನ್ವೆನ್. ಗಣಿ ಮುಷ್ಕರದ ವರ್ಷ ಊರಿಗೆಲ್ಲ ಸೂಪು ಕಾಯಿಸಿ ಬಡಿಸಿದವಳು. ನೆರೆಮನೆಯ ಸೋಫಾ ಹೊತ್ತೊಯ್ಯಲು ಬಂದ ಕಂತಿನವನನ್ನು ಅದೇ ಸೌಟು ಹಿಡಿದು ರೈಲು ನಿಲ್ದಾಣದ ತನಕ ಅಟ್ಟಿದ ಪುಣ್ಯಾತಗಿತ್ತಿ.

ಇಂಥ ವಂಶದ ಕುಡಿ ನಮ್ಮ ಎಲೆರಿ. ವಯಸ್ಸಿನ್ನೂ ಮೂವತ್ತು ಮುಟ್ಟಿಲ್ಲ, ತಲೆಯ ಮೇಲೆ ಒಂದು ಮನೆಯಷ್ಟು ಸಾಲ.

ನಮ್ಮೂರು ಪಾಂಟ್‌ವೆನ್‌ನಲ್ಲಿ ಅರ್ಧ ಊರು ಜೋನ್ಸ್, ಉಳಿದರ್ಧ ಡೇವಿಸ್. ಕೆಲಸವನ್ನೋ ಕಿತಾಪತಿಯನ್ನೋ ಹೆಸರಿನ ಹಿಂದೆ ಅಂಟಿಸದಿದ್ದರೆ ಯಾರು ಯಾರೆಂದು ತಿಳಿಯುವುದಿಲ್ಲ. ಎಲೆರಿ ಮೂರು ವರ್ಷ ಕಾರ್ಡಿಫ್‌ನಲ್ಲಿ ವ್ಯವಹಾರ ಅರ್ಥಶಾಸ್ತ್ರ ಓದಿ ಬಂದು, ಕಣಿವೆಯ ಬಾಯಲ್ಲಿರುವ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಬೆಲೆ ಕಟ್ಟುವ ಕೆಲಸ ಹಿಡಿದಳು. ಅವಳು ಸೇರಿದ ವರ್ಷವೇ ಪೊಟ್ಟಣದಲ್ಲಿ ಒಂದು ಬಿಸ್ಕತ್ತು ಕಡಿಮೆಯಾಯಿತು, ಬೆಲೆ ಮಾತ್ರ ಹಾಗೇ ಉಳಿಯಿತು. 'ಇದನ್ನ ಕಲಿಯೋಕೆ ಮೂರು ವರ್ಷ ಬೇಕಾಯ್ತಾ?' ಎಂದು ಊರೆಲ್ಲ ಕೇಳಿತು. ಆದ್ದರಿಂದ ಮೊದಲು ಅವಳು ಬಿಸ್ಕತ್ತಿನ ಎಲೆರಿ.

ಹೆಸರು ಬದಲಾದದ್ದು ಒಂದು ಭಾನುವಾರ, ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ. ಗಡಿಯಾರದ ಹೈವೆಲ್ ನಮ್ಮ ಗಂಡಸರ ಗಾಯಕ ಮೇಳದ ಕಾರ್ಯದರ್ಶಿ. ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡುತ್ತಾನೆ, ತಾನು ಮಾತ್ರ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಅವನು ಕೇಕು ಅಗಿಯುತ್ತ ಕೇಳಿದ:

"ಓದಿಗೆ ಅಂತ ಸರ್ಕಾರದ ಸಾಲ ತಗೊಂಡಿದ್ಯಲ್ಲ ಮಗಾ, ತೀರ್ತಾ?"

"ಎಲ್ಲಿ ತೀರುತ್ತೆ ಮಾವ! ಇನ್ನೂ ಐವತ್ತೈದು ಸಾವಿರ ಪೌಂಡ್ ಇದೆ."

"ತಿಂಗಳು ತಿಂಗಳು ಕಟ್ತಿದೀಯೋ ಇಲ್ವೋ?"

"ಕಟ್ತಿದೀನಿ. ಕಟ್ತಾ ಇದ್ರೂ ಬೆಳೀತಿದೆ, ಬಡ್ಡಿ ಸೇರಿ."

ಚಹಾದ ಬಟ್ಟಲುಗಳೆಲ್ಲ ಒಮ್ಮೆಗೇ ತಟ್ಟೆಗೆ ಇಳಿದವು. ಆ ದುಡ್ಡಿಗೆ ನಮ್ಮ ಮೇಲಿನ ಬೀದಿಯಲ್ಲಿ ಒಂದು ಮನೆ ಬರುತ್ತದೆ, ಹಿತ್ತಲ ಸಮೇತ. ಹುಡುಗಿ ಅಷ್ಟನ್ನು ಹೊತ್ತುಕೊಂಡು ನಗುನಗುತ್ತ ಕೇಕು ತಿನ್ನುತ್ತಿದ್ದಾಳೆ! ಸಂಜೆಯ ಹೊತ್ತಿಗೆ ಅವಳು ಸಾಲದ ಎಲೆರಿಯಾದಳು.

ಕ್ಲಬ್ಬಿನಲ್ಲಿ ಬಿಯರ್ ಮುಂದೆ ತಕ್ಕಡಿ ಎದ್ದಿತು. ಒಂದು ತಟ್ಟೆಯಲ್ಲಿ ಎಲೆರಿ, ಇನ್ನೊಂದರಲ್ಲಿ ಅವಳ ಚಿಕ್ಕಪ್ಪನ ಮಗ ಯೆಸ್ಟಿನ್. ಅವನು ಶಾಲೆ ಬಿಟ್ಟವನೇ ವಿದ್ಯುತ್ ಕೆಲಸ ಕಲಿತ, ಅಂದಿನಿಂದ ದುಡಿಯುತ್ತಿದ್ದಾನೆ, ಮೈಮೇಲೆ ಹೆಸರು ಬರೆಸಿದ ಸ್ವಂತ ವ್ಯಾನು ಇಟ್ಟಿದ್ದಾನೆ. ಎಲೆರಿಯ ಬಳಿ ಇರುವುದು ಪದವಿಯ ಕಪ್ಪು ನಿಲುವಂಗಿ ತೊಟ್ಟು ತೆಗೆಸಿಕೊಂಡ ಒಂದು ಫೋಟೋ, ಅದರ ನಿಲುವಂಗಿಯೂ ಬಾಡಿಗೆಯದು. ತಕ್ಕಡಿ ಯಾವ ಕಡೆ ವಾಲಿತೆಂದು ಬೇರೆ ಹೇಳಬೇಕಿಲ್ಲ.

ನಕ್ಕವರು ನಕ್ಕರು. ಎಮ್ಲಿನ್‌ಗೆ ಮಾತ್ರ ಅದು ನಗೆಯಾಗಲಿಲ್ಲ. ರೊಕ್ಕದ ಎಮ್ಲಿನ್‌ನ ಮೊಮ್ಮಗಳು ಸಾಲದ ಎಲೆರಿ! ಮುದುಕ ಕ್ಲಬ್ಬಿಗೆ ಬರುವುದನ್ನು ಬಿಟ್ಟ, ಮೇಳದ ಅಭ್ಯಾಸಕ್ಕೂ ಬರಲಿಲ್ಲ. ಅವನಿಲ್ಲದೆ ನಮ್ಮ ಕೆಳದನಿಯ ಸಾಲು ಅಡಿಪಾಯ ಕಿತ್ತ ಗೋಡೆಯಂತಾಯಿತು. ಹೈವೆಲ್ ಒಂದು ಉಪಾಯ ಹೂಡಿದ. ಕಷ್ಟದಲ್ಲಿದ್ದವರಿಗಾಗಿ ಹಾಡಿ ಹಣ ಎತ್ತುವುದು ನಮ್ಮ ಮೇಳದ ಹಳೆಯ ವಾಡಿಕೆ. ಎಲೆರಿಗಾಗಿಯೂ ಒಂದು ಸಂಗೀತ ಕಚೇರಿ ಇಟ್ಟರಾಯಿತು, ಮುದುಕನ ಮಾನವೂ ಉಳಿಯುತ್ತದೆ. ನಾವೆಲ್ಲ ಹೂಂ ಅಂದೆವು.

ಸುದ್ದಿ ಕಿವಿಗೆ ಬಿದ್ದಿರಬೇಕು, ಮುಂದಿನ ಗುರುವಾರ ಅಭ್ಯಾಸಕ್ಕೆ ಎಮ್ಲಿನ್ ಬಂದ. ನಾವು ಹಾಡುವುದು ಗಣಿ ಕಾರ್ಮಿಕರ ಹಳೆಯ ಭವನದಲ್ಲಿ. ನಾನು ನಾಲ್ಕು ಅಕ್ಷರ ಕಲಿತದ್ದು ಅದರ ಮೇಲಂತಸ್ತಿನ ಪುಸ್ತಕಗಳಿಂದಲೇ, ಇನ್ನೊಬ್ಬರ ಹಂಗಿನಿಂದಲ್ಲ. ಭವನವನ್ನು ಬಿಸಿಮಾಡುವ ಬಾಯ್ಲರ್ ಕೆಟ್ಟು ಕೂತಿತ್ತು, ನಾವು ಕೋಟು ಹಾಕಿಕೊಂಡೇ ಹಾಡಿದೆವು. ಮುಗಿದ ಮೇಲೆ ಹೈವೆಲ್ ಕಚೇರಿಯ ವಿಷಯ ಸಾರಿದ. ಎಮ್ಲಿನ್ ಎದ್ದು, ಕೋಟಿನೊಳಗಿಂದ ತಗಡಿನ ಡಬ್ಬಿ ತೆಗೆದು ಪಿಯಾನೋ ಮೇಲೆ ಇಟ್ಟ.

"ನೀವು ಎತ್ತೋ ದುಡ್ಡಿನ ಜೊತೆಗೆ ಇದನ್ನೂ ಸೇರಿಸ್ಕೊಳಿ."

ಆ ಡಬ್ಬಿ ನಮಗೆಲ್ಲ ಗೊತ್ತು. ಅದು ಅವನ ಮಣ್ಣಿನ ದುಡ್ಡು. ತನ್ನ ಶವದ ಪೆಟ್ಟಿಗೆಗೆ ಹಿತ್ತಾಳೆಯ ಹಿಡಿ ಇರಬೇಕು, ಮಣ್ಣಿಗೆ ಬಂದವರಿಗೆ ದಪ್ಪಗೆ ಕೊಯ್ದ ಹ್ಯಾಮ್ ಬಡಿಸಬೇಕು ಎಂದು ಗಣಿ ಮುಚ್ಚಿದಾಗಿನಿಂದ ಕೂಡಿಟ್ಟದ್ದು.

ತಾತನನ್ನು ಕಾರಿನಲ್ಲಿ ಕರೆದೊಯ್ಯಲು ಬಂದಿದ್ದ ಎಲೆರಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನೆಟ್ಟಗೆ ಪಿಯಾನೋ ಹತ್ತಿರ ಬಂದಳು.

"ತಾತ, ಈ ಭವನ ಯಾರ ದುಡ್ಡಲ್ಲಿ ಕಟ್ಟಿದ್ದು?"

"ಯಾರ್ದು ಅಂದ್ರೆ? ನಮ್ಮಪ್ಪಂದು, ಇವರಪ್ಪಂದು. ಸಂಬಳದಲ್ಲಿ ಪೌಂಡಿಗೆ ಇಷ್ಟು ಪೆನ್ನಿ ಅಂತ ಹಿಡ್ಕೊಳೋರು."

"ಸಂಬಳ ಇಲ್ಲದ ವಾರ?"

"ಹಿಡಿಯೋಕೆ ಏನಿರುತ್ತೆ ಪೆದ್ದಿ? ಏನೂ ಇಲ್ಲ."

"ಮುತ್ತಾತ ಅದನ್ನ ಸಾಲ ಅಂತಿದ್ನಾ?"

"ಸಾಲಾನಾ? ಥೂ! ಎದೆ ತಟ್ಕೊಂಡು ಹೇಳ್ತಿದ್ದ, ಈ ಗೋಡೇಲಿ ನಂದೂ ಒಂದು ಕಲ್ಲಿದೆ ಅಂತ."

"ನಂದೂ ಅದೇ ತಾತ. ಸಂಬಳ ಒಂದು ಗೆರೆ ದಾಟಿದ್ರೆ, ದಾಟಿದ್ದರಲ್ಲಿ ಮಾತ್ರ ಪೌಂಡಿಗೆ ಒಂಬತ್ತು ಪೆನ್ನಿ. ಈಗ ತಿಂಗಳಿಗೆ ಒಂದು ಸಲ ಇಬ್ಬರು ಮೀನು-ಚಿಪ್ಸ್ ತಿನ್ನೋ ದುಡ್ಡು ಹೋಗುತ್ತೆ, ಅಷ್ಟೇ. ಕೆಲಸ ಹೋದ್ರೆ ಅದೂ ಇಲ್ಲ. ಸೋಫಾ ಎತ್ಕೊಂಡು ಹೋಗೋಕೆ ಯಾರೂ ಬರಲ್ಲ. ಮೂವತ್ತು ವರ್ಷ ಆದ್ಮೇಲೆ ಉಳಿದದ್ದನ್ನ ಅವರೇ ಅಳಿಸಿಬಿಡ್ತಾರೆ."

"ಹಾಗಾದ್ರೆ ಆವತ್ತು ಯಾಕಮ್ಮ ಐವತ್ತೈದು ಸಾವಿರ ಅಂದೆ?" ಹೈವೆಲ್ ಕೇಳಿದ.

"ನೀವು ತೀರ್ತಾ ಅಂತ ಕೇಳಿದ್ರಿ ಮಾವ, ಎಷ್ಟಿದೆ ಅಂತ ಹೇಳಿದೆ. ಎಷ್ಟು ಕಟ್ಟಬೇಕಾಗುತ್ತೆ ಅಂತ ಕೇಳಲಿಲ್ಲ."

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಆದ್ರೂ ಓದಿದ್ದು ಲಾಭ ಆಯ್ತಾ ಇಲ್ವಾ, ಅದನ್ನ ಹೇಳು!"

"ಗೊತ್ತಿಲ್ಲ. ಇವತ್ತಿಗೆ ಯೆಸ್ಟಿನ್ ಮುಂದಿದಾನೆ. ನಲವತ್ತಕ್ಕೆ ನಾನು ಮುಂದೆ ಹೋಗಬಹುದು, ಹೋಗದೇನೂ ಇರಬಹುದು. ಗೊತ್ತಿಲ್ಲ ಅನ್ನೋದನ್ನ ಲೆಕ್ಕ ಹಾಕಿ ಹೇಳೋದೇ ನಾನು ಓದಿದ್ದು."

ಮೇಳ ಗೊಳ್ಳೆಂದು ನಕ್ಕಿತು. ಎಮ್ಲಿನ್ ನಗಲಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ಮೆಲ್ಲಗೆ ಕೇಳಿದ:

"ಅಷ್ಟು ಸಣ್ಣದೇ ಆದ್ರೆ ಸ್ವಲ್ಪನಾದ್ರೂ ತಗೊಳೇ. ಈ ವಯಸ್ಸಲ್ಲಿ ನಾನು ಕ್ಲಬ್ಬಲ್ಲಿ ಏನಂತ ತಲೆ ಎತ್ಲಿ?"

ಎಲೆರಿ ಡಬ್ಬಿಯನ್ನು ಎತ್ತಿ ತಾತನ ಕೋಟಿನೊಳಗೆ ತುರುಕಿ ಗುಂಡಿ ಹಾಕಿದಳು.

"ನನ್ನ ಮೊಮ್ಮಗಳ ಸಂಬಳ ಗೆರೆ ದಾಟಿದೆ ಅಂತ ಹೇಳ್ಕೊಂಡು ತಲೆ ಎತ್ತು. ಸರ್ಕಾರ ಬಿಟ್ಟುಬಿಡಬಹುದಾದ ದುಡ್ಡಿಗೆ ನಿನ್ನ ಹಿತ್ತಾಳೆ ಹಿಡಿ ಯಾಕೆ ಮಾರಬೇಕು? ಹೈವೆಲ್ ಮಾವ, ಕಚೇರಿ ಇಡಿ, ಹಾಡಿ. ಬಂದ ದುಡ್ಡಲ್ಲಿ ಆ ಬಾಯ್ಲರ್ ರಿಪೇರಿ ಮಾಡ್ಸಿ, ಇಲ್ದಿದ್ರೆ ಈ ಡಬ್ಬಿ ಇದೇ ಚಳಿಗಾಲದಲ್ಲಿ ಖರ್ಚಾಗುತ್ತೆ. ಈ ಗೋಡೇಲಿ ಕಲ್ಲಿಟ್ಟೋರು ಯಾರೂ ತಮ್ಮ ಕಲ್ಲನ್ನ ಇನ್ನೊಬ್ಬರ ಕೈಲಿ ಹೊರಿಸಲಿಲ್ಲ. ನನಗೆ ಬೇಡ ತಾತ. ಅರ್ಧನೂ ಬೇಡ, ಒಂದು ಪೆನ್ನಿನೂ ಬೇಡ."