ಇಂದ್ರಾಣಿಯ ಮೂರನೆಯ ಕರಡು

ಬಂಗಾರಪೇಟೆಯ ರೈಲ್ವೆ ಗೇಟಿನಿಂದ ನಾಲ್ಕು ಮನೆ ಆಚೆ, ಬಾಗಿಲಿಗೇ ಹೊಲಿಗೆ ಮಿಷನ್ನು ಹಾಕಿಕೊಂಡಿರುವ ಒಂದೇ ಕೋಣೆಯ ಮನೆ ಇಂದ್ರಾಣಿಯದು. ವಯಸ್ಸು ಮೂವತ್ತೊಂಬತ್ತು. ಹನ್ನೊಂದು ವರ್ಷ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿಬಂದವಳು. ಗಂಡ ಸೆಲ್ವರಾಜ್ ಕಾಮಾಲೆಯಾಗಿ ತೀರಿಕೊಂಡು ನಾಲ್ಕು ವರ್ಷ. ಮಕ್ಕಳಿಲ್ಲ. ಬೆಳಗ್ಗೆ ಸಂಜೆ ಬ್ಲೌಸು ಹೊಲಿಯುತ್ತಾಳೆ, ಹಗಲು ಕಾಲೇಜಿಗೆ ಹೋಗುತ್ತಾಳೆ.

ಹೌದು, ಕಾಲೇಜಿಗೇ. ಮದುವೆಗೆ ಮುಂಚೆ ಬಿ.ಎ. ಮುಗಿಸಿದ್ದಳು. ಕೆ.ಜಿ.ಎಫ್. ರಸ್ತೆಯ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಶುರುವಾಯಿತೆಂದು ಕೇಳಿ ಹೋಗಿ ಅರ್ಜಿ ಹಾಕಿದಳು. ಯಾಕೆ ಎಂದವರಿಗೆಲ್ಲ, ಹಾಸ್ಟೆಲ್ ವಾರ್ಡನ್ ಕೆಲಸಕ್ಕೆ ಪ್ರಯತ್ನಿಸಬಹುದಲ್ಲ ಎಂದಳು. ಅದು ಸುಳ್ಳೇನಲ್ಲ. ಆದರೆ ದಿನಕ್ಕೆ ಒಂದು ಸಲವಾದರೂ ಯಾರಾದರೂ ತನ್ನ ಹೆಸರು ಕರೆಯುವ ಜಾಗ ಅವಳಿಗೆ ಬೇಕಾಗಿತ್ತು. ಹಾಜರಿ ಕೂಗುವಾಗ ಅದು ಸಿಕ್ಕುತ್ತಿತ್ತು.

ತರಗತಿಯ ಹುಡುಗ ಹುಡುಗಿಯರು ಒಳ್ಳೆಯವರೇ. ಆಂಟಿ ಎನ್ನುತ್ತಿದ್ದರು, ನೋಟ್ಸು ಇಸಿದುಕೊಳ್ಳುತ್ತಿದ್ದರು, ಹೇಳಿದ ದಿನ ತಪ್ಪದೆ ವಾಪಸು ಕೊಡುತ್ತಿದ್ದರು. ಊಟದ ಹೊತ್ತಿಗೆ ಗುಂಪುಗುಂಪಾಗಿ ಹೊರಗೆ ಹೋಗುತ್ತಿದ್ದರು. ಇಂದ್ರಾಣಿ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದಳು. ಕ್ಯಾಸಂಬಳ್ಳಿಯಿಂದ ಬರುವ ಅರ್ಚನ ಎಂಬ ಹುಡುಗಿ ಒಮ್ಮೆ ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಎರಡು ತುತ್ತು ತಿನ್ನುವಷ್ಟರಲ್ಲಿ ಅವಳಿಗೆ ಫೋನು ಬಂದು ಎದ್ದುಹೋದಳು.

ಎರಡನೆಯ ವರ್ಷ ಪ್ರತಿಯೊಬ್ಬರೂ ಒಂದು ಕಿರುಪ್ರಬಂಧ ಬರೆಯಬೇಕು. ಅದನ್ನು ಬರೆಯುವುದು ಹೇಗೆಂದು ಹೇಳಿಕೊಡಲು ಶನಿವಾರದ ಮೊದಲ ಪೀರಿಯಡ್ಡಿಗೆ ಸುಧಾಕರ್ ಎಂಬ ಅತಿಥಿ ಉಪನ್ಯಾಸಕರು ಬರುತ್ತಿದ್ದರು. ಇಂದ್ರಾಣಿಗಿಂತ ಚಿಕ್ಕವರು, ದನಿ ಎತ್ತರಿಸದ ಮನುಷ್ಯ. ಬರೆಯುವುದೆಂದರೆ ಕೂತು ಒಂದೇ ಏಟಿಗೆ ಇಳಿಸಿಬಿಡುವುದಲ್ಲ ಎಂದು ಮೊದಲ ದಿನವೇ ಹೇಳಿದರು. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹಿಡಿಯಬೇಕು. ಹೋಗಿ ನೋಡಬೇಕು, ಕೇಳಬೇಕು, ಯಾರು ಯಾವತ್ತು ಹೇಳಿದರೆಂದು ಗುರುತು ಹಾಕಿಕೊಳ್ಳಬೇಕು. ಆಮೇಲೆ ಒಂದು ಕರಡು ಬರೆಯಬೇಕು. ಅದು ಸೊಟ್ಟಪಟ್ಟ ಇದ್ದರೂ ಸರಿಯೇ. ಅದನ್ನು ಮುರಿದು ಇನ್ನೊಂದು, ಅದನ್ನು ತಿದ್ದಿ ಮತ್ತೊಂದು. ಮೂರು ಕರಡು ನೋಡದೆ ಯಾರ ಪ್ರಬಂಧಕ್ಕೂ ಸಹಿ ಹಾಕುವುದಿಲ್ಲ ಎಂದರು. ಸಹಿ ಇಲ್ಲದಿದ್ದರೆ ಆ ವರ್ಷದ ಪರೀಕ್ಷೆಯೂ ಇಲ್ಲ.

ಇಂದ್ರಾಣಿ ತನಗೆ ಗೊತ್ತಿದ್ದ ವಿಷಯವನ್ನೇ ಆರಿಸಿಕೊಂಡಳು. ಮಾರಿಕುಪ್ಪಂ ರೈಲಿನ ಲೇಡೀಸ್ ಬೋಗಿಯಲ್ಲಿ ದಿನವೂ ಓಡಾಡುವ ಹೆಂಗಸರ ಒಡನಾಟ. ಮೂರು ವಾರದಲ್ಲಿ ಇಪ್ಪತ್ತು ಪುಟ ಬರೆದು ತಂದುಕೊಟ್ಟಳು. ಇಪ್ಪತ್ತು ಪುಟದಲ್ಲಿ ಒಂದು ಚಿತ್ತುಕಾಟೂ ಇಲ್ಲ.

ಅದಕ್ಕೆ ಕಾರಣವಿತ್ತು. ಸೆಲ್ವರಾಜ್ ಹೋದಾಗಿನಿಂದ ಅವಳು ರಾಮಕೋಟಿ ಬರೆಯುತ್ತಿದ್ದಳು. ಬೆಳಗಿನ ಜಾವ ಸ್ನಾನ ಮಾಡಿ, ದೀಪ ಹಚ್ಚಿ, ಪುಟದ ತುಂಬ ಶ್ರೀರಾಮ. ಅದರಲ್ಲಿ ಹೊಡೆದು ಹಾಕುವಂತಿಲ್ಲ. ಮನಸ್ಸು ಎತ್ತಲೋ ಹೋಗಿ ಒಂದಕ್ಷರ ತಪ್ಪಿದರೂ ಆ ಹಾಳೆ ಬಿಟ್ಟು ಹೊಸ ಹಾಳೆ. ಹಾಗೆ ಪಳಗಿದ ಕೈ ಕಾಲೇಜಿನ ಬರವಣಿಗೆಗೂ ಅದೇ ಮಡಿಯನ್ನು ತಂದಿತ್ತು.

ಸುಧಾಕರ್ ಪೂರ್ತಿ ಓದಿದರು. ಹೆಂಗಸರೆಲ್ಲ ಜಾತಿ ಮರೆತು, ಭಾಷೆ ಮರೆತು ಒಂದೇ ತಾಯಿಯ ಮಕ್ಕಳಂತೆ ಇರುತ್ತಾರೆ ಎಂದು ಅವಳು ಬರೆದಿದ್ದ ಕಡೆ, ಅಂಚಿನಲ್ಲಿ ಪೆನ್ಸಿಲಿನಿಂದ ‘ಇದನ್ನು ಯಾರು ಹೇಳಿದರು?’ ಎಂದು ಬರೆದು ಹಿಂದಕ್ಕೆ ಕೊಟ್ಟರು. ಇಂದ್ರಾಣಿಗೆ ಪೆನ್ಸಿಲ್ ಗುರುತು ಬಿದ್ದ ಹಾಳೆ ನೋಡಿ ಸಂಕಟವಾಯಿತು. ಹೊಸ ಪೆನ್ನು ಕೊಂಡು, ಅಂಚಿಗೆ ಗೆರೆ ಎಳೆದು, ಇಪ್ಪತ್ತು ಪುಟವನ್ನೂ ಇನ್ನಷ್ಟು ಚೆಂದಾಗಿ ನಕಲು ಮಾಡಿ ಮುಂದಿನ ಶನಿವಾರ ಎರಡನೆಯ ಕರಡೆಂದು ಕೊಟ್ಟಳು.

ಸುಧಾಕರ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನಗಲಿಲ್ಲ. ನಕಲು ಮಾಡಿದ್ದು ಕರಡಾಗುವುದಿಲ್ಲ, ಎರಡನೆಯದು ಇನ್ನೂ ಬರಬೇಕು ಎಂದರು. ಚೀಲದಿಂದ ತಮ್ಮ ಪಿಎಚ್.ಡಿ.ಯ ಒಂದು ಅಧ್ಯಾಯ ತೆಗೆದು ಅವಳ ಮುಂದಿಟ್ಟರು. ಹಾಳೆಯ ತುಂಬ ಕೆಂಪು ಗೀಟು, ಬಾಣದ ಗುರುತು, ಪಿನ್ನು ಹಾಕಿ ಸೇರಿಸಿದ ತುಂಡು ಕಾಗದ. ಇದು ಎಷ್ಟನೆಯದು ಎಂದು ಇಂದ್ರಾಣಿ ಅಂಜುತ್ತಾ ಕೇಳಿದಳು. ಆರನೆಯದು, ಏಳನೆಯದು ಇದಕ್ಕಿಂತ ಗಲೀಜು ಎಂದರು. ಆಮೇಲೆ, ನೀವು ಹನ್ನೊಂದು ವರ್ಷ ಆ ಬೋಗಿಯಲ್ಲಿ ಓಡಾಡಿದವರಲ್ಲವೇ, ಅಲ್ಲಿ ನಿಜವಾಗಿ ಹೀಗೇ ಇತ್ತೇ ಎಂದು ಕೇಳಿದರು.

ಅವಳು ಹಾಳೆಗಳನ್ನು ಜೋಡಿಸಿಕೊಂಡು ಎದ್ದಳು. ಮನೆಗೆ ಬಂದು, ಸ್ಕೇಲು ಇಟ್ಟು, ಒಂದೇ ತಾಯಿಯ ಮಕ್ಕಳ ಆ ವಾಕ್ಯದ ಮೇಲೆ ನೆಟ್ಟಗೆ ಒಂದು ಗೆರೆ ಎಳೆದಳು. ಗೆರೆಯ ಕೆಳಗೆ ತನಗೆ ಗೊತ್ತಿದ್ದುದನ್ನು ಬರೆದಳು.

ಗೊತ್ತಿದ್ದುದು ಮೀನಾಳ ವಿಷಯ. ಮೀನಾ ರೈಲು ಹೊರಡುವ ಮಾರಿಕುಪ್ಪಂನಲ್ಲೇ ಖಾಲಿ ಬೋಗಿ ಹತ್ತುವವಳು. ಬಂಗಾರಪೇಟೆಗೆ ಬರುವಷ್ಟರಲ್ಲಿ ಬೋಗಿ ತುಂಬಿರುತ್ತದೆಂದು ತನ್ನ ದುಪ್ಪಟ್ಟವನ್ನು ಪಕ್ಕದ ಸೀಟಿನ ಮೇಲೆ ಹಾಸಿ ಇಂದ್ರಾಣಿಗೆ ಜಾಗ ಹಿಡಿಯುತ್ತಿದ್ದಳು. ವರ್ಷಗಟ್ಟಲೆ ಹಾಗೇ ನಡೆಯಿತು. ಬೆಳಗಿನ ತಿಂಡಿಯನ್ನು ಇಬ್ಬರೂ ಒಂದೇ ಡಬ್ಬಿಯಿಂದ ತಿಂದರು. ಸೆಲ್ವರಾಜ್ ಸತ್ತಾಗ ಇಂದ್ರಾಣಿ ಐದು ತಿಂಗಳು ಮನೆ ಬಿಟ್ಟು ಹೊರಡಲಿಲ್ಲ. ಮತ್ತೆ ರೈಲು ಹತ್ತಿದ ದಿನ ಆ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಮೀನಾ ಅವಳನ್ನು ಒಮ್ಮೆ ನೋಡಿ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡಳು. ಇಂದ್ರಾಣಿ ಬೆಂಗಳೂರಿನ ತನಕ ನಿಂತೇ ಹೋದಳು. ಒಂದು ತಿಂಗಳು ಬೇರೆ ಬೋಗಿ ಹತ್ತಿ, ಆಮೇಲೆ ಕೆಲಸವನ್ನೇ ಬಿಟ್ಟಳು. ಈ ಎರಡನೆಯ ಕರಡಿನಲ್ಲಿ ಅವಳು ಬರೆದದ್ದು ಇಷ್ಟು: ಗಂಡ ಸತ್ತ ಹೆಂಗಸಿಗೆ ಆ ಬೋಗಿಯಲ್ಲಿ ಜಾಗವಿಲ್ಲ.

ಸುಧಾಕರ್ ಆ ಪುಟವನ್ನು ಎರಡು ಸಲ ಓದಿದರು. ಪೆನ್ಸಿಲ್ ತೆಗೆದು ಮತ್ತೆ ಅದೇ ಪ್ರಶ್ನೆ ಬರೆದರು.

“ನಾನೇ ಹೇಳ್ತಾ ಇದೀನಲ್ಲ ಸಾರ್” ಎಂದಳು ಇಂದ್ರಾಣಿ. “ನಂಗೇ ಆಗಿದ್ದು.”

“ಸೀಟು ಸಿಗಲಿಲ್ಲ ಅನ್ನೋದು ನಿಮಗೆ ಆಗಿದ್ದು. ಅದನ್ನ ಯಾರೂ ಇಲ್ಲ ಅನ್ನೋಕಾಗಲ್ಲ. ಗಂಡ ಸತ್ತಿದ್ದಕ್ಕೇ ಸಿಗಲಿಲ್ಲ ಅನ್ನೋದನ್ನ ಅವರನ್ನ ಕೇಳಿದ್ರಾ, ಇಂದ್ರಾಣಿಯವರೇ?”

ಕೇಳಿರಲಿಲ್ಲ. ಸಿಟ್ಟಿನಲ್ಲಿ ನಾಲ್ಕು ದಿನ ಕಾಲೇಜಿಗೇ ಹೋಗಲಿಲ್ಲ. ಯಾರೂ ಫೋನು ಮಾಡಿ ಯಾಕೆ ಬರಲಿಲ್ಲ ಎನ್ನಲಿಲ್ಲ. ಪ್ರಬಂಧ ಒಪ್ಪಿಸಲು ಹನ್ನೆರಡು ದಿನ ಉಳಿದಿತ್ತು. ಮೀನಾಳನ್ನು ಕೇಳಬೇಕು, ಇಲ್ಲ ಆ ಅಧ್ಯಾಯವನ್ನೇ ಕೈಬಿಡಬೇಕು. ಅದನ್ನು ಬಿಟ್ಟರೆ ಬರೆಯುವುದಕ್ಕೆ ಉಳಿಯುವುದು ರೈಲಿನ ವೇಳಾಪಟ್ಟಿ ಅಷ್ಟೇ. ಐದನೆಯ ದಿನ ಸಂಜೆ ದೇವರಿಗೆ ಕೈಮುಗಿದು, ನೋಟ್‌ಬುಕ್ಕು ಹಿಡಿದು ಸ್ಟೇಷನ್ನಿಗೆ ಹೋದಳು.

ಬೆಂಗಳೂರಿನಿಂದ ಬರುವ ಸಂಜೆಯ ರೈಲು ಬಂಗಾರಪೇಟೆಯಲ್ಲಿ ಅರ್ಧಕ್ಕರ್ಧ ಖಾಲಿಯಾಗುತ್ತದೆ. ಲೇಡೀಸ್ ಬೋಗಿಯಲ್ಲಿ ಮೀನಾ ಕಿಟಕಿಗೆ ತಲೆಯೊರಗಿಸಿ ಕೂತಿದ್ದಳು. ಕೂದಲು ನರೆತಿತ್ತು. ಎದುರಿನ ಸೀಟು ಖಾಲಿ ಇತ್ತು. ಇಂದ್ರಾಣಿ ಅಲ್ಲಿ ಕೂತಳು.

ಮೀನಾ ಕಣ್ಣು ಬಿಟ್ಟು ನೋಡಿದಳು. “ಏನೇ ಇಂದ್ರಾ, ದಾರಿ ತಪ್ಪಿ ಬಂದ್ಯಾ?”

“ಕಾಲೇಜ್ದು ಒಂದ್ ಬರಿಯಾದೈತೆ. ನಿನ್ನ ಕೇಳ್ಬೇಕು.”

“ಈ ವಯಸ್ನಾಗೆ ಕಾಲೇಜಾ? ಎರಡು ಜಡೆ ಆಕ್ಕೊಂಡ್ ಓಗ್ತೀಯಾ?”

ಇಂದ್ರಾಣಿ ಸುಧಾಕರ್ ಹೇಳಿಕೊಟ್ಟಂತೆ ಮೊದಲು ಎಲ್ಲ ಬಿಡಿಸಿ ಹೇಳಿದಳು. ಇಷ್ಟವಿಲ್ಲದ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ, ಹೆಸರು ಬೇಡವೆಂದರೆ ಹಾಕುವುದಿಲ್ಲ. ಮೀನಾ ಬೆನ್ನು ನೆಟ್ಟಗೆ ಮಾಡಿ ಕೂತಳು. ಎಷ್ಟು ಗಂಟೆಗೆ ಏಳುತ್ತೀಯ, ಯಾರ ಜೊತೆ ಕೂರುತ್ತೀಯ ಎಂದು ಕೇಳುತ್ತಾ ಬರೆದುಕೊಳ್ಳುತ್ತಾ ಇರುವಷ್ಟರಲ್ಲಿ ರೈಲು ಬಿ.ಇ.ಎಂ.ಎಲ್. ನಗರ ದಾಟಿತು. ಕೋರಮಂಡಲದಲ್ಲಿ ರೈಲು ನಿಂತಾಗ ಇಂದ್ರಾಣಿ ತಲೆ ಎತ್ತದೆ ಕೇಳಿದಳು.

“ನನ್ ಸೀಟು ಬೇರೆಯೋರ್ಗೆ ಯಾಕ್ ಕೊಟ್ಟೆ? ಗಂಡ ಸತ್ತೋಳು ಅಂತಾನಾ?”

ಮೀನಾ ಅವಳನ್ನೇ ನೋಡಿದಳು. “ಈ ಬೋಗೀಲಿ ಅರ್ಧ ಜನಕ್ಕೆ ಗಂಡ ಇಲ್ಲ. ಇನ್ನರ್ಧ ಜನಕ್ಕೆ ಇದ್ದೂ ಇಲ್ಲ. ಅದನ್ನ ನೋಡಿ ಸೀಟು ಕೊಟ್ರೆ ಎಲ್ರೂ ನಿಂತ್ಕೊಂಡೇ ಓಗ್ಬೇಕು ಕಣೇ.”

ಆಮೇಲೆ ಅವಳೇ ಹೇಳಿದಳು. ಇಂದ್ರಾಣಿ ಬಾರದ ಮೊದಲ ತಿಂಗಳೆಲ್ಲ ದಿನವೂ ದುಪ್ಪಟ್ಟ ಹಾಸಿದ್ದಳಂತೆ. ಬಾರದವಳಿಗೆ ಸೀಟು ಯಾಕೆಂದು ನಿಂತವರೆಲ್ಲ ಬೈದರಂತೆ. ಊರಿಗಾಂನಿಂದ ಹತ್ತುವ ಒಬ್ಬ ಬಸುರಿ ಹುಡುಗಿ ಒಂದು ದಿನ ದುಪ್ಪಟ್ಟ ಸರಿಸಿ ಕೂತಳು. ಏಳು ಎನ್ನಲು ಬಾಯಿ ಬರಲಿಲ್ಲ. ಇಂದ್ರಾಣಿ ಒಂದೊಂದನ್ನೂ ಬರೆದುಕೊಂಡಳು. ಕೈಗೆ ಕೆಲಸವಿದ್ದದ್ದು ಒಳ್ಳೆಯದಾಯಿತು.

“ಅದಾಯ್ತು. ಮುಖ ಯಾಕ್ ತಿರುಗಿಸ್ಕೊಂಡೆ?”

ಮೀನಾ ಚೀಲವನ್ನು ಮಡಿಲಿಗೆ ಎಳೆದುಕೊಂಡು, ಚಾಂಪಿಯನ್ ಸ್ಟೇಷನ್ನು ಬಂದ ಮೇಲೆ ಹೇಳಿದಳು.

“ನಿಮ್ಮನೆಗೆ ಮಾತಾಡ್ಸಾಕೆ ಬರ್ಲಿಲ್ವಲ್ಲ ನಾನು.”

ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ಈ ಕಡೆ ಬಿಡಲಾಗದ ಮರ್ಯಾದೆ. ಅದಕ್ಕೂ ವಾರ ನೋಡಬೇಕು. ಗಾರ್ಮೆಂಟ್ಸಿನವರಿಗೆ ಇರುವುದು ಒಂದು ಭಾನುವಾರ.

“ಮೊದಲ್ನೇ ಭಾನುವಾರ ಅತ್ತೆಗೆ ಜ್ವರ. ಆಮೇಲಿಂದು ಓವರ್‌ಟೈಮು. ಅದರಾಚೆ ವಾರ ನಿಮ್ ಗೇಟ್ ತನ್ಕ ಬಂದಿದ್ದೆ, ವಾಪಸ್ ಬಂದ್ಬುಟ್ಟೆ. ಇಷ್ಟ್ ದಿನ ಆದ್ಮೇಲೆ ಯಾವ್ ಮುಖ ಇಟ್ಕೊಂಡ್ ಬರ್ಲಿ? ಆಮೇಲ್ ನೀನೇ ಬಂದು ಎದುರ್ಗೇ ನಿಂತ್ಕೊಂಡೆ. ನಾನೇನ್ ಮಾಡ್ಲಿ ಇಂದ್ರಾ.”

ಇಂದ್ರಾಣಿಯ ಪೆನ್ನು ನಿಂತಿತ್ತು. ಮೀನಾ ಅದನ್ನು ನೋಡಿ, “ಸೀಟಿಂದು ಬರ್ಕೋ” ಎಂದಳು. “ಇದನ್ನ ಬರಿಬೇಡ. ನನ್ ಎಸ್ರೂ ಬೇಡ.”

ಮಾರಿಕುಪ್ಪಂ ಬಂತು. ಮೀನಾ ಚೀಲ ಹೆಗಲಿಗೇರಿಸಿ, ಊಟ ಆಯಿತಾ ಎಂದು ಕೇಳಿದಳು. ಮನೆಗೆ ಹೋಗಿ ಮಾಡುತ್ತೇನೆ ಎಂದಳು ಇಂದ್ರಾಣಿ. ಬಾ ಎಂದು ಮೀನಾ ಕರೆಯಲಿಲ್ಲ, ಮನೆಯಲ್ಲಿ ಅತ್ತೆ ಇದ್ದಳು. ಪ್ಲಾಟ್‌ಫಾರ್ಮಿನ ಕೊನೆಯ ತನಕ ಜೊತೆಗೆ ನಡೆದು, ಬೇರೆ ಹೆಂಗಸರ ಗುಂಪು ಸೇರಿಕೊಂಡು ಗಣಿ ಕಾಲದ ಲೈನ್ ಮನೆಗಳ ಕಡೆ ಹೊರಟುಹೋದಳು. ಇಂದ್ರಾಣಿ ಬಸ್ಸು ಹಿಡಿದು ಒಬ್ಬಳೇ ಬಂಗಾರಪೇಟೆಗೆ ಬಂದಳು.

ಮರುದಿನ ಮೂರನೆಯ ಕರಡಿಗೆ ಕೂತಳು. ಗಂಡ ಸತ್ತ ಹೆಂಗಸಿಗೆ ಜಾಗವಿಲ್ಲ ಎಂಬ ವಾಕ್ಯವನ್ನು ಹೊಡೆದು ಹಾಕಿದಳು. ಈ ಸಲ ಸ್ಕೇಲು ಬೇಕಾಗಲಿಲ್ಲ. ಹೊಡೆದ ಮೇಲೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಮೂರೂವರೆ ವರ್ಷ ಮಿಷನ್ನು ತುಳಿಯುತ್ತಾ ಮನಸ್ಸಿನಲ್ಲೇ ಮೀನಾಳ ಜೊತೆ ಜಗಳವಾಡಿದ್ದಳು. ಅವಳು ಹೀಗೆಂದರೆ ನಾನು ಹೀಗೆನ್ನಬೇಕು ಎಂದು ಮಾತು ಜೋಡಿಸಿಟ್ಟಿದ್ದಳು. ಮನೆಯಲ್ಲಿ ಅದೊಂದು ಜೊತೆಯಾಗಿತ್ತು. ಈಗ ಆ ಮಾತುಗಳನ್ನು ಆಡಲು ಎದುರಿಗೆ ಯಾರೂ ಉಳಿಯಲಿಲ್ಲ.

ಶನಿವಾರ ಸುಧಾಕರ್ ಕರಡು ಓದಿದರು. ಕಾಟು ಗೀಟು ತುಂಬಿದ ಪುಟಗಳು. ಬಹುಕಾಲ ಬಾರದವರ ಸೀಟು ಹೆಚ್ಚು ಅಗತ್ಯವಿದ್ದವರಿಗೆ ಹೋಗುತ್ತದೆ ಎಂಬಲ್ಲಿ, ಕೆಳಗೆ, ‘ಒಬ್ಬ ಪ್ರಯಾಣಿಕ ಮಹಿಳೆ, ಮಾತುಕತೆ’ ಎಂದು ತಾರೀಖು ಸಮೇತ ಬರೆದಿತ್ತು.

“ಮುಖ ತಿರುಗಿಸಿಕೊಂಡರು ಅಂತ ಬರೆದಿದೀರಿ. ಯಾಕೆ ಅನ್ನೋದು ಇಲ್ಲವಲ್ಲ?” ಎಂದು ಕೇಳಿದರು.

“ಗೊತ್ತಾಯ್ತು ಸಾರ್. ಬರಿಬೇಡ ಅಂದಿದಾಳೆ.”

ಸುಧಾಕರ್ ಪೆನ್ಸಿಲ್ ಬದಿಗಿಟ್ಟು, ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿಕೊಟ್ಟರು.